ವೆಬ್‌ಸೈಟಿಗೆ ಯಾವ ಸರ್ಟಿಫಿಕೇಟು? ಮಾರುವ ಕೃಷಿಕರಿಗೊಂದು ಪಾಠ

ತೋಟದ ಬೆಳೆಯನ್ನು ನೇರವಾಗಿ ಬಳಕೆದಾರರ ಮನೆಗೆ ಮುಟ್ಟಿಸುವ ಕೃಷಿಕರು ಈಗ ಊರೂರಲ್ಲೂ ಇದ್ದಾರೆ. ವಾಟ್ಸಾಪ್ ಗುಂಪಿನಲ್ಲಿ ಶುರುವಾದ ವ್ಯಾಪಾರ ಸ್ವಲ್ಪ ಕುದುರಿದೊಡನೆ ಸ್ವಂತ ವೆಬ್‌ಸೈಟು ಇದ್ದರೆ ಒಳ್ಳೆಯದು ಅನಿಸುತ್ತದೆ. ಮಾಡಿಸಲು ಹೋದರೆ ಖರ್ಚಿನ ಪಟ್ಟಿ ಕೊಡುತ್ತಾರೆ. ಅದರಲ್ಲೊಂದು ಸಾಲು 'ಎಸ್‌ಎಸ್‌ಎಲ್ ಸರ್ಟಿಫಿಕೇಟು'. ಅದರ ಮುಂದೆ ಒಬ್ಬರು ಸೊನ್ನೆ ಬರೆದಿರುತ್ತಾರೆ, ಇನ್ನೊಬ್ಬರು ಸಾವಿರಗಟ್ಟಲೆ ಬರೆದಿರುತ್ತಾರೆ. ಇಬ್ಬರಲ್ಲಿ ಯಾರದ್ದು ಸರಿ?

ನನ್ನದು ಕೆಂಗೇರಿಯಿಂದಾಚೆ ರಾಮೋಹಳ್ಳಿ ಕಡೆ ಎರಡೂವರೆ ಎಕರೆ. ರಾಗಿ, ಅವರೆ, ಸೊಪ್ಪು, ಬದುವಿನಲ್ಲಿ ಹಲಸು, ಒಂದಷ್ಟು ಸಪೋಟ. ಗಿರಾಕಿಗಳು ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದ ಮನೆಯವರು. ಅಕ್ಕಪಕ್ಕದ ಎಂಟು ಮನೆಯವರು ಸೇರಿ ಒಂದು ವೆಬ್‌ಸೈಟು ನಡೆಸುತ್ತಿದ್ದೇವೆ. ಅದರ ಉಸ್ತುವಾರಿ ನನ್ನ ಪಾಲಿಗೆ ಬಂತು. ಹಾಗಾಗಿ ಈ ಸರ್ಟಿಫಿಕೇಟಿನ ಒಳಹೊರಗನ್ನು ಕೂತು ಕಲಿತೆ. ನನ್ನಂಥ ಸಣ್ಣ ಹಿಡುವಳಿದಾರರಿಗೆ ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಸರ್ಟಿಫಿಕೇಟು ಮಾಡುವ ಕೆಲಸ ಎರಡೇ

ಅಂಚೆ ಕಾರ್ಡು ಮತ್ತು ಇನ್‌ಲ್ಯಾಂಡ್ ಲೆಟರಿನ ವ್ಯತ್ಯಾಸ ನಮಗೆಲ್ಲ ಗೊತ್ತು. ಕಾರ್ಡಿನಲ್ಲಿ ಬರೆದದ್ದನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ವೆಬ್‌ಸೈಟಿನ ವಿಳಾಸದ ಮೊದಲಿಗೆ 'ಎಚ್‌ಟಿಟಿಪಿ' ಎಂದಷ್ಟೇ ಇದ್ದರೆ ಅದು ಕಾರ್ಡು. ಕೊನೆಗೊಂದು 'ಎಸ್' ಸೇರಿ 'ಎಚ್‌ಟಿಟಿಪಿಎಸ್' ಆದರೆ ಅಂಟಿಸಿದ ಇನ್‌ಲ್ಯಾಂಡ್ ಲೆಟರು. ಗಿರಾಕಿ ಬರೆಯುವ ಹೆಸರು, ಮನೆ ವಿಳಾಸ, ಫೋನ್ ನಂಬರು ದಾರಿಯಲ್ಲಿ ಯಾರ ಕಣ್ಣಿಗೂ ಬೀಳದಂತೆ ಗೂಢಲಿಪಿಯಾಗಿ ಹೋಗುತ್ತದೆ. ಇದು ಮೊದಲನೆಯ ಕೆಲಸ.

ಎರಡನೆಯದು, ಕಾಗದ ಸರಿಯಾದ ಮನೆಗೇ ಹೋಯಿತು ಎಂಬ ಖಾತ್ರಿ. ನಮ್ಮ ಹೆಸರಿನ ವೆಬ್‌ಸೈಟು ಕೇಳಿದವರಿಗೆ ನಡುವೆ ಯಾರೋ ಬೇರೆ ಪುಟ ತೋರಿಸದಂತೆ ಸರ್ಟಿಫಿಕೇಟು ತಡೆಯುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ಎಸ್‌ಎಸ್‌ಎಲ್ ಎನ್ನುವುದು 1990ರ ದಶಕದಲ್ಲಿ ನೆಟ್‌ಸ್ಕೇಪ್ ಕಂಪನಿ ತಂದ ಪದ್ಧತಿ. 1999ರಲ್ಲಿ ಅದರ ಜಾಗಕ್ಕೆ ಟಿಎಲ್‌ಎಸ್ ಬಂತು. ಈಗ ಎಲ್ಲೆಡೆ ಓಡುವುದು ಟಿಎಲ್‌ಎಸ್. ಆದರೆ ಅಂಗಡಿಯವರು, ಗಿರಾಕಿಗಳು ಎಲ್ಲರ ಬಾಯಲ್ಲೂ ಹಳೆ ಹೆಸರೇ ಉಳಿದಿದೆ. ಎರಡೂ ಒಂದೇ ಎಂದುಕೊಂಡರೆ ವ್ಯಾಪಾರಕ್ಕೆ ತೊಂದರೆಯಿಲ್ಲ.

ಇನ್ನೊಂದು ಗೊಂದಲ ಡಿಎಸ್‌ಸಿಯದು. ರೈತ ಉತ್ಪಾದಕ ಕಂಪನಿಗಳ ನಿರ್ದೇಶಕರ ಹತ್ತಿರ ಪೆನ್‌ಡ್ರೈವ್ ಥರದ ಟೋಕನ್ನಿನಲ್ಲಿ ಡಿಜಿಟಲ್ ಸಹಿಯ ಸರ್ಟಿಫಿಕೇಟು ಇರುತ್ತದೆ. ಅದು ಕಾಗದಪತ್ರಕ್ಕೆ ಸಹಿ ಹಾಕಲು. ವೆಬ್‌ಸೈಟಿಗೆ ಅದು ಆಗುವುದಿಲ್ಲ. ಹಾಗೆಯೇ ಸಾವಯವ ದೃಢೀಕರಣಕ್ಕೂ ಇದಕ್ಕೂ ಸಂಬಂಧವಿಲ್ಲ.

ನಮಗೆ ಬೇಕೇ ಬೇಕೇ?

ಬರಿಯ ವಾಟ್ಸಾಪ್, ಫೇಸ್‌ಬುಕ್, ಯೂಟ್ಯೂಬಿನಲ್ಲೇ ವ್ಯಾಪಾರ ಮಾಡುವವರು ಈ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆ ಕಂಪನಿಗಳೇ ತಮ್ಮ ಸರ್ಟಿಫಿಕೇಟು ಇಟ್ಟುಕೊಂಡಿವೆ. ತಿಂಗಳ ಬಾಡಿಗೆಗೆ ರೆಡಿಮೇಡ್ ಅಂಗಡಿಪುಟ ಕೊಡುವವರ ಹತ್ತಿರ ಸೈಟು ಮಾಡಿದ್ದರೆ, ಬಾಡಿಗೆಯಲ್ಲೇ ಸರ್ಟಿಫಿಕೇಟು ಸೇರಿದೆಯೇ ಎಂದು ಮೊದಲು ಕೇಳಿ. ಸಾಮಾನ್ಯವಾಗಿ ಸೇರಿರುತ್ತದೆ.

ಸ್ವಂತ ಹೆಸರಿನ ಸೈಟು ಇದ್ದರೆ ಮಾತ್ರ ಸರ್ಟಿಫಿಕೇಟು ಬೇಕೇ ಬೇಕು. 'ನಮ್ಮದು ಬರೀ ಫೋಟೋ, ಫೋನ್ ನಂಬರು ಇರುವ ಸೈಟು, ದುಡ್ಡಿನ ವ್ಯವಹಾರವೇ ಇಲ್ಲ' ಎಂದರೂ ಬೇಕು. ಏಕೆಂದರೆ 2018ರ ಜುಲೈಯಿಂದ ಕ್ರೋಮ್ ಬ್ರೌಸರು ಸರ್ಟಿಫಿಕೇಟು ಇಲ್ಲದ ಎಲ್ಲ ಸೈಟುಗಳ ಮುಂದೆಯೂ 'ಸುರಕ್ಷಿತವಲ್ಲ' ಎಂದು ತೋರಿಸತೊಡಗಿತು. ಊರಿನ ನಮಗೆ ಅದು ಸಣ್ಣ ಅಕ್ಷರ. ಹೊಸದಾಗಿ ನಮ್ಮ ಹತ್ತಿರ ಅವರೆಕಾಯಿ ಕೊಳ್ಳಲು ಬಂದ ರಾಜಾಜಿನಗರದ ಗಿರಾಕಿಗೆ ಅದು ವಾಪಸು ಹೋಗಲು ಸಾಕಾದ ಕಾರಣ.

ಮೂರು ದರ್ಜೆ: ಸ್ವಾಧೀನ, ಪಹಣಿ, ಪೂರ್ತಿ ಕಡತ

ಸರ್ಟಿಫಿಕೇಟು ಕೊಡುವ ಸಂಸ್ಥೆ ನಮ್ಮನ್ನು ಎಷ್ಟು ಪರೀಕ್ಷೆ ಮಾಡುತ್ತದೆ ಎಂಬುದರ ಮೇಲೆ ಮೂರು ದರ್ಜೆಗಳಿವೆ. ಜಮೀನಿನ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ.

ಮೊದಲನೆಯದು ಡಿವಿ, ಅಂದರೆ ಹೆಸರಿನ ಮೇಲಿನ ಹಿಡಿತವನ್ನು ಮಾತ್ರ ನೋಡುವ ದರ್ಜೆ. 'ಈ ಗುರುತಿನ ಕಲ್ಲನ್ನು ನಿಮ್ಮ ಬದುವಿನ ಮೇಲೆ ಇಡಿ, ನಾನು ಬಂದು ನೋಡ್ತೀನಿ' ಎಂದು ಹೇಳಿದ ಹಾಗೆ. ಸಂಸ್ಥೆ ಒಂದು ಗುಪ್ತ ಸಂಕೇತ ಕೊಡುತ್ತದೆ. ಅದನ್ನು ನಮ್ಮ ಸೈಟಿನಲ್ಲೋ ಹೆಸರಿನ ದಾಖಲೆಯಲ್ಲೋ ಇಡಬೇಕು. ಇಟ್ಟದ್ದು ಕಂಡರೆ ಜಾಗ ನಿಮ್ಮ ಸ್ವಾಧೀನದಲ್ಲಿದೆ ಎಂದು ಒಪ್ಪಿ ಸರ್ಟಿಫಿಕೇಟು ಕೊಡುತ್ತದೆ. ನೀವು ಯಾರು, ಎಂಥವರು ಎಂದು ಕೇಳುವುದಿಲ್ಲ. ಯಂತ್ರವೇ ಮಾಡುವ ಕೆಲಸ, ಕೆಲವು ನಿಮಿಷ ಸಾಕು.

ಎರಡನೆಯದು ಒವಿ. ಇಲ್ಲಿ ಸ್ವಾಧೀನದ ಜೊತೆಗೆ ಪಹಣಿಯೂ ಬೇಕು. ನಿಮ್ಮದು ನೋಂದಾಯಿತ ಸಂಸ್ಥೆಯೇ, ದಾಖಲೆಯಲ್ಲಿ ಆ ಹೆಸರು, ವಿಳಾಸ ಇದೆಯೇ ಎಂದು ನೋಡಿ, ಸಂಸ್ಥೆಯ ಹೆಸರನ್ನು ಸರ್ಟಿಫಿಕೇಟಿನ ಒಳಗೆ ಬರೆಯುತ್ತಾರೆ. ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಉತ್ಪಾದಕ ಕಂಪನಿಗೆ, ಸಹಕಾರ ಸಂಘಕ್ಕೆ ಇದು ಸಿಗಬಹುದು. ನಮ್ಮ ಎಂಟು ಮನೆಯ ಗುಂಪಿನಂತೆ ನೋಂದಣಿಯೇ ಇಲ್ಲದವರಿಗೆ ಸಿಗದು.

ಮೂರನೆಯದು ಇವಿ. ಪಹಣಿ ಮಾತ್ರವಲ್ಲ, ಮೂಲಪತ್ರದಿಂದ ಹಿಡಿದು ಪೂರ್ತಿ ಕಡತ ತಿರುವಿ ನೋಡುವ ದರ್ಜೆ. ಸಂಸ್ಥೆ ನಿಜವಾಗಿ ನಡೆಯುತ್ತಿದೆಯೇ, ಅರ್ಜಿ ಹಾಕಿದವರಿಗೆ ಆ ಅಧಿಕಾರ ಇದೆಯೇ ಎಂದೆಲ್ಲ ಪರಿಶೀಲಿಸುತ್ತಾರೆ. ಖರ್ಚೂ ಹೆಚ್ಚು, ದಿನವೂ ಹಿಡಿಯುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶ: ಮೂರಕ್ಕೂ ಗೂಢಲಿಪಿಯ ಬಲ ಒಂದೇ. ದುಬಾರಿ ಸರ್ಟಿಫಿಕೇಟಿನಿಂದ ಲಕೋಟೆಯ ಅಂಟು ಗಟ್ಟಿಯಾಗುವುದಿಲ್ಲ. ಕೊಡುವ ಹೆಚ್ಚಿನ ಹಣ ಪರಿಶೀಲನೆಯ ಕೂಲಿ ಅಷ್ಟೇ.

ಮೊದಲು ಇವಿ ಇದ್ದ ಸೈಟಿಗೆ ಬ್ರೌಸರಿನ ವಿಳಾಸಪಟ್ಟಿಯಲ್ಲಿ ಹಸಿರು ಬಣ್ಣದಲ್ಲಿ ಸಂಸ್ಥೆಯ ಹೆಸರು ಕಾಣುತ್ತಿತ್ತು. ಅದಕ್ಕೊಂದು ಗತ್ತು ಇತ್ತು. 2019ರ ಸೆಪ್ಟೆಂಬರಿನಲ್ಲಿ ಕ್ರೋಮ್, ಅಕ್ಟೋಬರಿನಲ್ಲಿ ಫೈರ್‌ಫಾಕ್ಸ್ ಅದನ್ನು ತೆಗೆದುಹಾಕಿದವು. ಈಗ ವಿಳಾಸದ ಪಕ್ಕದ ಗುರುತನ್ನು ಒತ್ತಿ ಒಳಗೆ ಹೋಗಿ ನೋಡಿದವರಿಗೆ ಮಾತ್ರ ಹೆಸರು ಕಾಣುತ್ತದೆ. ಸೊಪ್ಪು ಕೊಳ್ಳುವವರು ಯಾರು ಅಲ್ಲಿಯವರೆಗೆ ಹೋಗುತ್ತಾರೆ? 'ಹಸಿರು ಪಟ್ಟಿ ಬರುತ್ತೆ ಸಾರ್, ಗಿರಾಕಿ ನಂಬ್ತಾರೆ' ಎಂದು ಈಗಲೂ ಮಾರಲು ಬರುವವರಿದ್ದಾರೆ. ನನಗೂ ಒಬ್ಬರು ಹೇಳಿದರು. 'ತೋರ್ಸಪ್ಪ' ಅಂದೆ. ತೋರಿಸಲಾಗಲಿಲ್ಲ.

'ಲಕ್ಷಗಟ್ಟಲೆ ವಾರಂಟಿ ಇದೆ' ಎಂಬ ಮಾತನ್ನೂ ಕೇಳುತ್ತೀರಿ. ಆ ವಾರಂಟಿ ಸಂಸ್ಥೆಯೇ ತಪ್ಪು ಸರ್ಟಿಫಿಕೇಟು ಕೊಟ್ಟು ಅದರಿಂದ ನಷ್ಟವಾದಾಗಿನ ಮಾತು. ನಿಮ್ಮ ಪಾಸ್‌ವರ್ಡ್ ಕಳವಾದರೆ, ಸೈಟಿಗೆ ಕನ್ನ ಬಿದ್ದರೆ ಅದು ನೆರವಿಗೆ ಬಾರದು.

ಎಷ್ಟು ಹೆಸರಿಗೆ ಬೇಕು?

ದರ್ಜೆ ಆಯಿತು. ಇನ್ನು ವ್ಯಾಪ್ತಿ. ನಿಮ್ಮ ಸೈಟಿನ ಹೆಸರು 'ನನ್ನತೋಟ ಡಾಟ್ ಇನ್' ಎಂದಿಟ್ಟುಕೊಳ್ಳೋಣ.

ಒಂದೇ ಹೆಸರಿನದು: 'ನನ್ನತೋಟ ಡಾಟ್ ಇನ್' ಒಂದಕ್ಕೆ. ಮುಂದೆ 'ಡಬ್ಲ್ಯೂಡಬ್ಲ್ಯೂಡಬ್ಲ್ಯೂ' ಸೇರಿಸಿದ ರೂಪವೂ ಅದೇ ಸರ್ಟಿಫಿಕೇಟಿನಲ್ಲಿ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಕೆಲವು ಗಿರಾಕಿಗಳು ಹಾಗೆ ಬರೆದೇ ಸೈಟಿಗೆ ಬರುತ್ತಾರೆ. ಇಲ್ಲದಿದ್ದರೆ ಅವರಿಗೆ ಮಾತ್ರ ಎಚ್ಚರಿಕೆಯ ಪುಟ ಕಾಣುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ.

ಹಲವು ಹೆಸರಿನದು: 'ನನ್ನತೋಟ ಡಾಟ್ ಇನ್', 'ನನ್ನತೋಟ ಡಾಟ್ ಕಾಮ್', ಮಗಳು ನಡೆಸುವ ಉಪ್ಪಿನಕಾಯಿಯ ಬೇರೆ ಸೈಟು, ಎಲ್ಲವನ್ನೂ ಒಂದೇ ಸರ್ಟಿಫಿಕೇಟಿನಲ್ಲಿ ಪಟ್ಟಿ ಮಾಡಬಹುದು. ಜಂಟಿ ಖಾತೆ ಇದ್ದ ಹಾಗೆ. ಒಂದು ಹೆಸರು ಬಿಡಿಸಬೇಕೆಂದರೆ ಸರ್ಟಿಫಿಕೇಟನ್ನೇ ಹೊಸದಾಗಿ ಮಾಡಿಸಬೇಕು.

ನಕ್ಷತ್ರದ್ದು: ಇದಕ್ಕೆ ವೈಲ್ಡ್‌ಕಾರ್ಡ್ ಎನ್ನುತ್ತಾರೆ. ಹೆಸರಿನ ಮುಂದೆ ನಕ್ಷತ್ರದ ಗುರುತು ಹಾಕಿದರೆ 'ಅಂಗಡಿ ಡಾಟ್ ನನ್ನತೋಟ ಡಾಟ್ ಇನ್', 'ಬೀಜ ಡಾಟ್ ನನ್ನತೋಟ ಡಾಟ್ ಇನ್' ಹೀಗೆ ಎಷ್ಟು ಉಪಹೆಸರು ಇದ್ದರೂ ಸಾಕಾಗುತ್ತದೆ. ಆದರೆ ಒಂದೇ ಮೆಟ್ಟಿಲು. 'ರಾಗಿ ಡಾಟ್ ಬೀಜ ಡಾಟ್ ನನ್ನತೋಟ ಡಾಟ್ ಇನ್' ಅದರೊಳಗೆ ಬರುವುದಿಲ್ಲ. ಇವಿ ದರ್ಜೆಯಲ್ಲಿ ನಕ್ಷತ್ರದ್ದು ಕೊಡುವ ಪದ್ಧತಿಯೇ ಇಲ್ಲ.

ಒಂದು ತೋಟ, ಒಂದು ಸೈಟು ಇರುವವರಿಗೆ ಮೊದಲನೆಯದೇ ಸಾಕು. ನಾಳೆ ಬೇಕಾದೀತೆಂದು ಇಂದೇ ನಕ್ಷತ್ರದ್ದಕ್ಕೆ ಹಣ ಕೊಡುವುದು, ಎರಡೂವರೆ ಎಕರೆಗೆ ಹತ್ತು ಎಚ್‌ಪಿ ಮೋಟಾರು ಇಳಿಸಿದ ಹಾಗೆ.

ಪುಕ್ಕಟೆ ಸಿಗುವುದು ಕಳಪೆಯೇ?

ಪುಕ್ಕಟೆ ಎಂದರೆ ನಮಗೆ ಅನುಮಾನ ಸಹಜ. ಲೆಟ್ಸ್ ಎನ್‌ಕ್ರಿಪ್ಟ್ ಎಂಬುದು ಅಮೆರಿಕದ ಲಾಭೋದ್ದೇಶವಿಲ್ಲದ ಸಂಸ್ಥೆಯೊಂದು ನಡೆಸುವ ಸೇವೆ. 2015ರ ಡಿಸೆಂಬರಿನಲ್ಲಿ ಎಲ್ಲರಿಗೂ ತೆರೆಯಿತು. ಕೊಡುವುದು ಡಿವಿ ದರ್ಜೆ ಮಾತ್ರ. 2018ರಿಂದ ನಕ್ಷತ್ರದ್ದನ್ನೂ ಪುಕ್ಕಟೆ ಕೊಡುತ್ತಿದೆ. ಎಲ್ಲ ಮುಖ್ಯ ಬ್ರೌಸರುಗಳೂ ಅದನ್ನು ಒಪ್ಪುತ್ತವೆ. ಹಣ ಕೊಟ್ಟು ಕೊಂಡ ಡಿವಿಗೂ ಇದಕ್ಕೂ ಗಿರಾಕಿಯ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ. ವ್ಯತ್ಯಾಸವೆಲ್ಲ ಸೇವೆಯಲ್ಲಿ: ಇಲ್ಲಿ ಫೋನು ಮಾಡಿ ಕೇಳಲು ಯಾರೂ ಸಿಗುವುದಿಲ್ಲ.

ಹಣ ಕೊಟ್ಟೇ ಕೊಳ್ಳಬೇಕಾದ ಸಂದರ್ಭಗಳೂ ಇವೆ. ದೊಡ್ಡ ಖರೀದಿದಾರರು ಒಪ್ಪಂದದಲ್ಲೇ 'ಒವಿ ಬೇಕು' ಎಂದು ಬರೆದಿದ್ದರೆ ಉತ್ಪಾದಕ ಕಂಪನಿಗೆ ಅದು ಅನಿವಾರ್ಯ. ಅಂಥವರು ವಿದೇಶಕ್ಕೇ ಹೋಗಬೇಕೆಂದಿಲ್ಲ. ನಮ್ಮ ಬೆಂಗಳೂರಿನದೇ ಇಮುದ್ರಾ ಕಂಪನಿ 'ಎಮ್‌ಸೈನ್' ಹೆಸರಿನಲ್ಲಿ ಇಂಥ ಸರ್ಟಿಫಿಕೇಟು ಕೊಡುತ್ತದೆ.

ಕೊಡುವವರ ಮೇಲೇ ನಂಬಿಕೆ ಹೋದರೆ? ಅದೂ ನಮ್ಮ ದೇಶದಲ್ಲಿ ಆಗಿದೆ. 2014ರ ಜುಲೈಯಲ್ಲಿ ಗೂಗಲ್ ಕಂಪನಿಯ ಹೆಸರಿಗೆ ಅದು ಕೇಳದ ಸರ್ಟಿಫಿಕೇಟುಗಳು ಹೊರಬಂದಿದ್ದವು. ಕೊಟ್ಟದ್ದು ಕೇಂದ್ರ ಸರಕಾರದ ಎನ್‌ಐಸಿಯ ಸರ್ಟಿಫಿಕೇಟು ವಿಭಾಗ. ಕೊಡುವ ವ್ಯವಸ್ಥೆಗೇ ಕನ್ನ ಬಿದ್ದಿತ್ತು. ಮೇಲಧಿಕಾರಿ ಸಂಸ್ಥೆ ಎನ್‌ಐಸಿಗೆ ಕೊಟ್ಟಿದ್ದ ಅಧಿಕಾರಪತ್ರಗಳನ್ನು ರದ್ದು ಮಾಡಿತು. ಇಂಥವನ್ನು ಹಿಡಿಯಲೆಂದೇ ಈಗ ಒಂದು ಬಹಿರಂಗ ದಾಖಲೆ ಇದೆ. ಕೊಟ್ಟ ಸರ್ಟಿಫಿಕೇಟನ್ನು ಅದರಲ್ಲಿ ನಮೂದಿಸದಿದ್ದರೆ ಕ್ರೋಮ್ ಒಪ್ಪುವುದಿಲ್ಲ, 2018ರಿಂದ ಈ ನಿಯಮ. ಮ್ಯುಟೇಶನ್ ರಿಜಿಸ್ಟರನ್ನು ಚಾವಡಿಯ ಗೋಡೆಗೆ ಅಂಟಿಸಿದ ಹಾಗೆ.

ನಿಜವಾದ ತಲೆನೋವು: ಅವಧಿ

ಸರ್ಟಿಫಿಕೇಟಿಗೆ ಕೊನೆ ದಿನ ಇರುತ್ತದೆ. ಲೆಟ್ಸ್ ಎನ್‌ಕ್ರಿಪ್ಟಿನದು ಮೊದಲಿನಿಂದಲೂ 90 ದಿನ. ಹಣ ಕೊಟ್ಟು ಕೊಳ್ಳುವುದಕ್ಕೆ 2020ರ ಸೆಪ್ಟೆಂಬರಿನಿಂದ ಗರಿಷ್ಠ 398 ದಿನ ಎಂದಿತ್ತು. ಸರ್ಟಿಫಿಕೇಟು ಕೊಡುವವರು, ಬ್ರೌಸರು ಮಾಡುವವರು ಸೇರಿದ ಒಕ್ಕೂಟ 2025ರ ಏಪ್ರಿಲಿನಲ್ಲಿ ಇದನ್ನು ಇನ್ನಷ್ಟು ಇಳಿಸಲು ತೀರ್ಮಾನಿಸಿತು. 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ.

ಇದರ ಅರ್ಥ ಏನು? ಐದು ವರ್ಷದ್ದಕ್ಕೆ ಒಟ್ಟಿಗೆ ಹಣ ಕಟ್ಟಿದರೂ ಸರ್ಟಿಫಿಕೇಟನ್ನು ಮತ್ತೆ ಮತ್ತೆ ಬದಲಿಸಲೇಬೇಕು. 47 ದಿನಕ್ಕೊಮ್ಮೆ ಕೈಯಿಂದ ಮಾಡುವ ಕೆಲಸ ಇದಲ್ಲ. ಸರ್ವರಿನಲ್ಲೇ ತಂತಾನೆ ನವೀಕರಣವಾಗುವ ಏರ್ಪಾಡು ಇರಬೇಕು. ಆದ್ದರಿಂದ 'ಯಾವ ಕಂಪನಿಯದು' ಎಂಬುದಕ್ಕಿಂತ 'ತಂತಾನೆ ನವೀಕರಣ ಇದೆಯೇ' ಎಂಬ ಪ್ರಶ್ನೆಗೆ ಹೆಚ್ಚು ತೂಕ.

ನಮ್ಮ ಪರಿಚಯದ ಇನ್ನೊಂದು ಗುಂಪಿಗೆ ಆದದ್ದು ಹೇಳುತ್ತೇನೆ. ಅವರ ಸೈಟು ನೋಡಿಕೊಳ್ಳುವವರು ಕೈಯಿಂದಲೇ ನವೀಕರಿಸುತ್ತಿದ್ದರು. ಅವರೆ ಸುಗ್ಗಿಯ ಒಂದು ಶನಿವಾರ ಅವಧಿ ಮುಗಿಯಿತು. ಆತ ಊರಲ್ಲಿರಲಿಲ್ಲ. ಬಸವೇಶ್ವರನಗರದ ಹಳೇ ಗಿರಾಕಿಯೊಬ್ಬರು ಫೋನು ಮಾಡಿ, 'ಏನ್ರೀ, ನಿಮ್ ಸೈಟ್ ತೆಗೆದ್ರೆ ಕೆಂಪಗೆ ಏನೋ ಬರ್ತಿದೆ, ನಿಮ್ಮ ಮಾಹಿತಿ ಕದೀಬೋದು ಅಂತ ಹೇಳುತ್ತೆ' ಎಂದರಂತೆ. ಹಳಬರು ಫೋನು ಮಾಡಿದರು, ಹೊಸಬರು ಸುಮ್ಮನೆ ಹೋದರು. ಕೊಯ್ದು ಚೀಲ ತುಂಬಿಟ್ಟ ಅವರೆಕಾಯಿ ಸೋಮವಾರದವರೆಗೆ ಕಾಯುತ್ತದೆಯೇ? ಬೆವತು ಬಿಸಿಯಾಗಿ ಸೊಗಡೆಲ್ಲ ಹೋಯಿತು. ಉಳಿದದ್ದನ್ನು ಮಾರುಕಟ್ಟೆಗೆ ಸಿಕ್ಕಿದ ಬೆಲೆಗೆ ಸುರಿದು ಬಂದರು.

ಲೆಟ್ಸ್ ಎನ್‌ಕ್ರಿಪ್ಟ್ ಮೊದಲು ಅವಧಿ ಮುಗಿಯುವ ಮುಂಚೆ ಇಮೇಲ್ ಕಳಿಸುತ್ತಿತ್ತು. 2025ರ ಜೂನಿನಲ್ಲಿ ಅದನ್ನು ನಿಲ್ಲಿಸಿತು. ಹಾಗಾಗಿ ತಂತಾನೆ ನವೀಕರಣ ಇದ್ದರೂ ತಿಂಗಳಿಗೊಮ್ಮೆ ನಾವೇ ನೋಡುವುದು ಒಳ್ಳೆಯದು. ಬ್ರೌಸರಿನಲ್ಲಿ ವಿಳಾಸದ ಎಡಕ್ಕಿರುವ ಗುರುತು ಒತ್ತಿ, ಸರ್ಟಿಫಿಕೇಟಿನ ವಿವರಕ್ಕೆ ಹೋದರೆ ಕೊನೆ ದಿನಾಂಕ ಸಿಗುತ್ತದೆ. ನಾನು ಅಮಾವಾಸ್ಯೆ ದಿನ ನೋಡುತ್ತೇನೆ, ಮರೆಯುವುದಿಲ್ಲ.

ಹೆಸರು ಯಾರ ಹೆಸರಿನಲ್ಲಿ?

ಅದೇ ಗುಂಪಿನವರು ಬೇಸತ್ತು ಬೇರೆಯವರಿಗೆ ಸೈಟು ವಹಿಸಲು ಹೊರಟಾಗ ಇನ್ನೊಂದು ಸಂಗತಿ ಹೊರಬಿತ್ತು. ಸೈಟಿನ ಹೆಸರನ್ನು ಆತ ತನ್ನ ಹೆಸರಿನಲ್ಲೇ ನೋಂದಾಯಿಸಿಕೊಂಡಿದ್ದ. ಡಿವಿ ಎಂದರೆ ಸ್ವಾಧೀನ ನೋಡುವುದು ಎಂದು ಮೇಲೆ ಹೇಳಿದೆನಲ್ಲ. ಸ್ವಾಧೀನ ಆತನದು, ಹಾಗಾಗಿ ಸರ್ಟಿಫಿಕೇಟೂ ಆತನ ಕೈಯಲ್ಲಿ. ಉಳುವವರು ಇವರು, ದಾಖಲೆ ಅವನದು! ನಾಲ್ಕು ವರ್ಷ ಗಿರಾಕಿಗಳಿಗೆ ಹೇಳಿಕೊಟ್ಟ ಹೆಸರನ್ನು ಬಿಟ್ಟು ಹೊಸ ಹೆಸರಿನಿಂದ ಶುರುಮಾಡಿದರು.

ಆದ್ದರಿಂದ ಸರ್ಟಿಫಿಕೇಟು ಯಾವುದು ಎಂದು ಕೇಳುವ ಮೊದಲೇ ಸೈಟಿನ ಹೆಸರನ್ನು ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್ ಮತ್ತು ಫೋನ್ ನಂಬರು ಕೊಟ್ಟು ನೋಂದಾಯಿಸಿ. ಪಾಸ್‌ವರ್ಡ್ ನಿಮ್ಮ ಹತ್ತಿರ ಇರಲಿ.

ಬೀಗದ ಗುರುತು ಗುಣದ ಗುರುತಲ್ಲ

ಇದು ಮಾರುವವರಿಗಿಂತ ಕೊಳ್ಳುವ ಕೃಷಿಕರಿಗೆ ಹೇಳಬೇಕಾದ ಮಾತು. ಬೀಜದ ಚೀಲದ ನೀಲಿ ಚೀಟಿ ಪ್ರಮಾಣಿತ ಬೀಜ ಎಂದು ಹೇಳುತ್ತದೆ. ತಳಿಯ ಶುದ್ಧತೆ, ಮೊಳಕೆಯ ಪ್ರಮಾಣ ಅದರಿಂದ ಗೊತ್ತಾಗುತ್ತದೆ. ನಿಮ್ಮ ಮಣ್ಣಿಗೆ ಒಗ್ಗುತ್ತದೆಂದು ಅದು ಹೇಳುವುದಿಲ್ಲ. ಹಾಗೆಯೇ ಸರ್ಟಿಫಿಕೇಟು 'ನೀವು ಬಂದದ್ದು ಈ ಹೆಸರಿನ ಮನೆಗೇ' ಎಂದಷ್ಟೇ ಹೇಳುತ್ತದೆ. ಮನೆಯೊಳಗಿನವರು ಒಳ್ಳೆಯವರೋ ಕಳ್ಳರೋ ಎಂದಲ್ಲ. ನಮಗೆ ಪುಕ್ಕಟೆ ಐದು ನಿಮಿಷದಲ್ಲಿ ಸಿಗುವ ಡಿವಿ ಕಳ್ಳನಿಗೂ ಅಷ್ಟೇ ಸಲೀಸಾಗಿ ಸಿಗುತ್ತದೆ. ಜನ ಬೀಗದ ಚಿತ್ರ ನೋಡಿ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ 2023ರ ಸೆಪ್ಟೆಂಬರಿನಲ್ಲಿ ಆ ಚಿತ್ರವನ್ನು ಬದಲಾಯಿಸಿತು.

ಸೌರ ಪಂಪ್‌ಸೆಟ್ಟಿನ ಪಿಎಂ-ಕುಸುಮ್ ಯೋಜನೆಯ ಹೆಸರಿನಲ್ಲಿ ನಕಲಿ ಸೈಟುಗಳು ನೋಂದಣಿ ಶುಲ್ಕ ವಸೂಲಿ ಮಾಡುತ್ತಿವೆ ಎಂದು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಹಲವು ಬಾರಿ ಎಚ್ಚರಿಸಿದೆ. ಅಂಥ ಕಡೆ ಬೀಗ ನೋಡಬೇಡಿ, ಹೆಸರು ನೋಡಿ. ಹೆಸರನ್ನು ಬಾಲದಿಂದ ಓದಿ. ಪಹಣಿಯ ಸರಕಾರಿ ಸೈಟು 'ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್'. ಕೊನೆಯ 'ಜಿಒವಿ ಡಾಟ್ ಇನ್' ಸರಕಾರಕ್ಕೆ ಮಾತ್ರ ಸಿಗುವ ಹೆಸರು. ನಡುವೆ ಎಲ್ಲೋ 'ಜಿಒವಿ' ಎಂದಿದ್ದು ಕೊನೆಗೆ 'ಡಾಟ್ ಕಾಮ್' ಇದ್ದರೆ ಅದು ಸರಕಾರದ್ದಲ್ಲ. ಬ್ಯಾಂಕುಗಳಿಗೂ ರಿಸರ್ವ್ ಬ್ಯಾಂಕು ಹೀಗೇ ಮಾಡಿದೆ. 2025ರ ಅಕ್ಟೋಬರ್ 31ರೊಳಗೆ 'ಬ್ಯಾಂಕ್ ಡಾಟ್ ಇನ್' ಎಂದು ಕೊನೆಯಾಗುವ ಹೆಸರಿಗೆ ಬದಲಾಗಲು ಸೂಚಿಸಿತ್ತು.

ಹಣ ಕಳೆದುಕೊಂಡರೆ ತಡ ಮಾಡದೆ 1930 ನಂಬರಿಗೆ ಫೋನು ಮಾಡಿ. ಎಷ್ಟು ಬೇಗ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಒಟ್ಟಿನಲ್ಲಿ ಯಾರಿಗೆ ಯಾವುದು?

* ವಾಟ್ಸಾಪ್, ಫೇಸ್‌ಬುಕ್ ಮಾತ್ರ ಇರುವವರು: ಏನೂ ಬೇಡ.
* ಒಂದು ತೋಟ, ಒಂದು ಸೈಟು: ಪುಕ್ಕಟೆ ಡಿವಿ, ತಂತಾನೆ ನವೀಕರಣದೊಡನೆ.
* ಎರಡು ಮೂರು ಹೆಸರು ಇರುವವರು: ಹಲವು ಹೆಸರಿನ ಡಿವಿ. ಉಪಹೆಸರು ಬಹಳ ಇದ್ದರೆ ನಕ್ಷತ್ರದ್ದು.
* ನೋಂದಾಯಿತ ಉತ್ಪಾದಕ ಕಂಪನಿ, ಸಹಕಾರ ಸಂಘ: ಡಿವಿ ಸಾಕು. ಖರೀದಿದಾರರು ಬರೆದುಕೊಟ್ಟು ಕೇಳಿದರೆ ಒವಿ.
* ಇವಿ: ನಮ್ಮ ಪೈಕಿ ಯಾರಿಗೂ ಬೇಕೆಂದು ನನಗನಿಸುವುದಿಲ್ಲ.

ಸೈಟು ಮಾಡಿಕೊಡುವವರಿಗೆ ಕೇಳಬೇಕಾದ ಪ್ರಶ್ನೆಗಳು

1. ಸೈಟಿನ ಹೆಸರು ನನ್ನ ಹೆಸರಿನಲ್ಲಿ ನೋಂದಣಿಯಾಗುತ್ತದೆಯೇ?
2. ಹೋಸ್ಟಿಂಗ್ ಬಾಡಿಗೆಯಲ್ಲೇ ಪುಕ್ಕಟೆ ಸರ್ಟಿಫಿಕೇಟು ಸೇರಿದೆಯೇ?
3. ನವೀಕರಣ ತಂತಾನೆ ಆಗುತ್ತದೆಯೇ? ಆಗದಿದ್ದ ದಿನ ಯಾರಿಗೆ ಫೋನು ಮಾಡಬೇಕು?
4. 'ಡಬ್ಲ್ಯೂಡಬ್ಲ್ಯೂಡಬ್ಲ್ಯೂ' ಸೇರಿದ ರೂಪಕ್ಕೂ ಅನ್ವಯವೇ?
5. ಹಣ ಕೊಡಬೇಕೆಂದರೆ ಅದು ಡಿವಿಯೇ, ಒವಿಯೇ? ಪುಕ್ಕಟೆಯದರಲ್ಲಿ ಇಲ್ಲದ್ದು ಇದರಲ್ಲಿ ಏನಿದೆ?

ಐದನೆಯ ಪ್ರಶ್ನೆಗೆ ನೇರ ಉತ್ತರ ಬಾರದಿದ್ದರೆ ಪಟ್ಟಿಯ ಆ ಸಾಲನ್ನು ಹೊಡೆದುಹಾಕಲು ಹೇಳಿ. ಉಳಿದ ಹಣಕ್ಕೆ ಒಳ್ಳೆ ಕ್ರೇಟು ಕೊಳ್ಳಿ. ಬಸವೇಶ್ವರನಗರಕ್ಕೆ ಟೊಮೇಟೊ ಒಡೆಯದೆ ತಲುಪಿದರೆ ಗಿರಾಕಿ ಮುಂದಿನ ವಾರವೂ ಆರ್ಡರ್ ಕೊಡುತ್ತಾರೆ.